ತತ್ವಪದದಿಂದ ರಾಕ್ ವೇದಿಕೆಗೆ: ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಹುಟ್ಟು ಮತ್ತು ಮೊದಲ ಧ್ವನಿಮುದ್ರಿಕೆ

ಕನ್ನಡದ ಜಾನಪದ ಅಧ್ಯಯನದಲ್ಲಿ ಕ್ಷೇತ್ರಕಾರ್ಯವೆಂದರೆ ಹಳ್ಳಿಗೆ ಹೋಗುವುದು ಎಂಬ ತಿಳಿವಳಿಕೆ ಬಹುಕಾಲದಿಂದ ಬೇರೂರಿದೆ. ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವುದೇ ಗುಂಪು 'ಜನಪದ'ವೇ ಎಂಬ ಅಲನ್ ಡಂಡೆಸ್‌ನ ವ್ಯಾಖ್ಯೆಯನ್ನು ನಮ್ಮ ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಪಾಠ ಹೇಳಲಾಗಿದೆ. ಆದರೆ ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿಕೊಂಡು ಹೊರಟವರು ನಗರದತ್ತ ಮುಖ ಮಾಡಿದ್ದು ವಿರಳ. ಹಾಡು ಹಳ್ಳಿಯನ್ನು ಬಿಟ್ಟು ಕ್ಯಾಸೆಟ್ಟಿಗೆ, ಚಲನಚಿತ್ರಕ್ಕೆ, ಸಭಾಭವನಕ್ಕೆ ಬಂದಾಗ ಅದನ್ನು ಕಲಬೆರಕೆಯೆಂದು ಬದಿಗಿರಿಸಲಾಯಿತು. ಹಾನ್ಸ್ ಮೋಸರ್ 1962ರಲ್ಲಿ ಚರ್ಚೆಗೆ ತಂದ 'ಫೋಕ್‌ಲೋರಿಸಂ' ಎಂಬ ಪರಿಭಾಷೆ, ಅಂದರೆ ಜಾನಪದ ಸಾಮಗ್ರಿಯ ಎರಡನೆಯ ಕೈಯ ಬಳಕೆ, ನಮ್ಮಲ್ಲಿ ವಿಶ್ಲೇಷಣೆಯ ಸಾಧನವಾಗುವುದರ ಬದಲು ಬಹುಮಟ್ಟಿಗೆ ಬೈಗುಳವಾಗಿ ಬಳಕೆಯಾಯಿತು. ಈ ಕಾರಣದಿಂದಲೇ 2008ರಲ್ಲಿ ಬೆಂಗಳೂರಿನ ರಾಕ್ ತಂಡವೊಂದು ಹೊರತಂದ ಚೊಚ್ಚಲ ಧ್ವನಿಮುದ್ರಿಕೆ ಶಿಶುನಾಳ ಶರೀಫರ ಎರಡು ತತ್ವಪದಗಳನ್ನು ಒಳಗೊಂಡಿದ್ದರೂ ಜಾನಪದ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬೀಳಲಿಲ್ಲ. ಆ ತಂಡ ರೂಪುಗೊಂಡ ಬಗೆಯನ್ನೂ ಆ ಎರಡು ಪದಗಳು ಅಲ್ಲಿ ಪಡೆದ ಹೊಸ ಬಾಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಒಂದು ಪರಿಭಾಷೆಯ ಸ್ಪಷ್ಟನೆ ಅಗತ್ಯ. 'ಇಂಡಿ' ಎಂಬುದು ಇಂಡಿಪೆಂಡೆಂಟ್ ಎಂಬ ಇಂಗ್ಲಿಷ್ ಪದದ ಮೊಟಕು ರೂಪ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತಲೆಯೆತ್ತಿದ ಸಣ್ಣ ಸಂಸ್ಥೆಗಳಿಂದ, 1978ರಲ್ಲಿ ಆರಂಭವಾದ ರಫ್ ಟ್ರೇಡ್‌ನಂಥವುಗಳಿಂದ, ಈ ಮಾತು ಚಲಾವಣೆಗೆ ಬಂದಿತು. ಅಲ್ಲಿ ಅದರ ಎದುರಾಳಿ ದೊಡ್ಡ ಕಂಪನಿ. ಭಾರತದಲ್ಲಿ ಸ್ಥಿತಿ ಬೇರೆ. ಇಲ್ಲಿ ಧ್ವನಿಮುದ್ರಿಕೆಯ ಮಾರುಕಟ್ಟೆ ಚಲನಚಿತ್ರ ಗೀತೆಯನ್ನೇ ಆಧರಿಸಿ ಬೆಳೆದುದರಿಂದ 'ಇಂಡಿ' ಎಂದರೆ ಮುಖ್ಯವಾಗಿ ಚಿತ್ರಗೀತೆಯಲ್ಲದ್ದು ಎಂದೇ ಅರ್ಥ. ಸ್ವಂತ ಹಾಡು, ಸ್ವಂತ ತಂಡ, ಸ್ವಂತ ಖರ್ಚು ಎಂಬ ಮೂರೂ ಈ ಮಾತಿನಲ್ಲಿ ಅಡಕವಾಗಿವೆ.

ಬೆಂಗಳೂರಿನ ರಾಕ್ ಸಂಗೀತದ ವಲಯ 1990ರ ದಶಕದಲ್ಲಿ ಕಾಲೇಜು ಉತ್ಸವಗಳು ಮತ್ತು ಪಬ್ಬುಗಳ ಆಸರೆಯಲ್ಲಿ ಹಬ್ಬಿತು. 1996ರಿಂದ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆದುಕೊಂಡು ಬಂದ 'ಫ್ರೀಡಂ ಜಾಮ್' ಎಂಬ ಬಯಲು ಕಛೇರಿ ಅನೇಕ ಹೊಸ ತಂಡಗಳಿಗೆ ವೇದಿಕೆ ಒದಗಿಸಿತು. ಅದೇ ವರ್ಷ ರೂಪುಗೊಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ ಊರಿನ ಬದುಕನ್ನೇ ವಸ್ತುವಾಗಿಸಿಕೊಂಡು ಹಾಡಿತಾದರೂ ಅದರ ಭಾಷೆ ಇಂಗ್ಲಿಷ್. ಇನ್ನೊಂದೆಡೆ ರವೀಂದ್ರ ಕಲಾಕ್ಷೇತ್ರದ ಸುತ್ತ ಕನ್ನಡ ಸುಗಮ ಸಂಗೀತದ ಲೋಕವೊಂದು ತನ್ನ ಪಾಡಿಗೆ ತಾನು ಸಮೃದ್ಧವಾಗಿತ್ತು. ಎರಡರ ಶ್ರೋತೃಗಳು ಒಂದೇ ಊರಿನಲ್ಲಿದ್ದೂ ಪರಸ್ಪರ ಅಪರಿಚಿತರು. 2005ರಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಅರಮನೆ ಮೈದಾನದಲ್ಲಿ ಜನಸಾಗರವೇ ನೆರೆದಿತ್ತು. 2007ರ ಮಾರ್ಚಿಯಲ್ಲಿ ಅದೇ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಐರನ್ ಮೇಡನ್ ತಂಡ ಹಾಡಿದಾಗಲೂ ಸಹಸ್ರಾರು ಯುವಕರು ಸೇರಿದರು. ನೆಲ ಒಂದೇ, ಜನ ಬೇರೆ. ಈ ಎರಡು ಜನಸಮೂಹಗಳ ನಡುವಣ ಜಾಗದಲ್ಲಿ ಹುಟ್ಟಿಕೊಂಡದ್ದು ರಘು ದೀಕ್ಷಿತ್ ಪ್ರಾಜೆಕ್ಟ್.

1974ರಲ್ಲಿ ಜನಿಸಿದ ರಘುಪತಿ ದ್ವಾರಕಾನಾಥ ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಸ್ನಾತಕೋತ್ತರ ಪದವಿ, ಭರತನಾಟ್ಯದಲ್ಲಿ ವಿದ್ವತ್ ಇವು ಅವರ ಔಪಚಾರಿಕ ಶಿಕ್ಷಣ. ಗಿಟಾರನ್ನು ಅವರು ಕಲಿತದ್ದು ಗುರುಮುಖದಿಂದಲ್ಲ, ಕಾಲೇಜಿನ ಗೆಳೆಯರ ನಡುವಿನ ಪಂತದ ಫಲವಾಗಿ, ಬಹುಮಟ್ಟಿಗೆ ಸ್ವಪ್ರಯತ್ನದಿಂದ. ಈ ಜೀವನ ವಿವರಕ್ಕೆ ಇಲ್ಲಿ ಒಂದೇ ಕಾರಣಕ್ಕೆ ಮಹತ್ವವಿದೆ: ತತ್ವಪದದ ಪರಂಪರೆಯಲ್ಲಿ ಹುಟ್ಟಿದವರಾಗಲಿ, ಶರೀಫರ ಪ್ರಾಂತ್ಯದವರಾಗಲಿ ಅವರಲ್ಲ. ಶರೀಫರು ಅವರಿಗೆ ದೊರೆತದ್ದು ಧ್ವನಿಮುದ್ರಿಕೆ, ಮುದ್ರಿತ ಪಠ್ಯ ಮತ್ತು ಚಲನಚಿತ್ರಗಳಿಂದ ಹಳೆಯ ಮೈಸೂರಿನ ಮಧ್ಯಮ ವರ್ಗಕ್ಕೆ ಪರಿಚಿತರಾದ ಕವಿಯಾಗಿ ಎನ್ನಬಹುದು.

1990ರ ದಶಕದ ಕೊನೆಯ ಭಾಗದಲ್ಲಿ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಮೊದಲಾದವರೊಡನೆ ಸೇರಿ ದೀಕ್ಷಿತ್ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಗಿಟಾರು ಮತ್ತು ತಾಳವಾದ್ಯಗಳ ನಡುವೆ ಕರ್ನಾಟಕ ಶೈಲಿಯ ಪಿಟೀಲು ಮುಂಚೂಣಿಯಲ್ಲಿರುವುದು ಆ ತಂಡದ ಧ್ವನಿಯ ಗುರುತಾಗಿತ್ತು. ಮುಂದಿನ ಧ್ವನಿಮುದ್ರಿಕೆಯಲ್ಲೂ ಆ ಗುರುತು ಉಳಿದಿದೆ. ಸದಸ್ಯರು ಬಂದುಹೋಗುತ್ತ ಹೊಸ ಶತಮಾನದ ಮೊದಲ ದಶಕದ ಮಧ್ಯದ ವೇಳೆಗೆ ಅಂತರಾಗ್ನಿ ಚದುರಿತು. ಬಳಿಕ ದೀಕ್ಷಿತ್ ಮತ್ತೊಂದು ತಂಡವನ್ನು ಅದೇ ಕ್ರಮದಲ್ಲಿ ಕಟ್ಟಲಿಲ್ಲ. ಕಾಯಂ ಸದಸ್ಯರಿಲ್ಲದ, ಯಾವ ಕಲಾವಿದನಾದರೂ ಬಂದು ನುಡಿಸಿ ಹೋಗಬಹುದಾದ, ತೆರೆದ ಬಾಗಿಲಿನ ಏರ್ಪಾಡೊಂದನ್ನು ರೂಪಿಸಿದರು. 'ಪ್ರಾಜೆಕ್ಟ್' ಎಂಬ ಹೆಸರಿಗೆ ಇದೇ ಕಾರಣ. ಬಾಸ್ ಗಿಟಾರ್ ವಾದಕ ಗೌರವ್ ವಾಜ್ ಅವರಂತಹ ಕೆಲವರು ಕ್ರಮೇಣ ತಂಡದ ಸ್ಥಿರ ಭಾಗವಾದರು.

ಈ ಏರ್ಪಾಡು ಉತ್ತರ ಕರ್ನಾಟಕದ ಭಜನಾ ಮೇಳಗಳನ್ನು ನೆನಪಿಗೆ ತರುತ್ತದೆ. ಮೇಳದಲ್ಲಿಯೂ ಇಂದು ಏಕತಾರಿ ಹಿಡಿದವನು ನಾಳೆ ದಮ್ಮಡಿ ಹಿಡಿಯಬಹುದು; ಸುಗ್ಗಿಗೆ ಹೋದವನ ಜಾಗಕ್ಕೆ ಪಕ್ಕದೂರಿನವನು ಬಂದು ಕೂರಬಹುದು; ಪದ ಗೊತ್ತಿರುವವರೆಲ್ಲರೂ ಮೇಳದವರೇ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ. ಭಜನಾ ಮೇಳಕ್ಕೆ ಊರಿನ ಇಲ್ಲವೆ ದೈವದ ಹೆಸರಿರುತ್ತದೆ. ಇಲ್ಲಿ ಇರುವುದು ಒಬ್ಬ ವ್ಯಕ್ತಿಯ ಹೆಸರು. ಬಾಗಿಲು ತೆರೆದಿದ್ದರೂ ಮನೆ ಯಾರದೆಂಬುದು ಹೆಸರಿನಲ್ಲೇ ತೀರ್ಮಾನವಾಗಿದೆ. ರಾಕ್ ಸಂಗೀತದ ಅರ್ಥವ್ಯವಸ್ಥೆ ವ್ಯಕ್ತಿಯನ್ನು ಬೇಡುತ್ತದೆ, ಮೇಳವನ್ನಲ್ಲ.

ಧ್ವನಿಮುದ್ರಿಕೆಯ ಪ್ರಕಟಣೆ ಸುಲಭವಾಗಿ ಆಗಲಿಲ್ಲ. ಹಲವು ವರ್ಷಗಳ ಕಾಲ ದೊಡ್ಡ ಕಂಪನಿಗಳು ಈ ಹಾಡುಗಳನ್ನು ನಿರಾಕರಿಸಿದವು. ಕೊನೆಗೆ ಮುಂಬೈಯ ಕಾರ್ಯಕ್ರಮವೊಂದರಲ್ಲಿ ದೀಕ್ಷಿತ್ ಅವರ ಹಾಡನ್ನು ಕೇಳಿದ ಹಿಂದಿ ಚಿತ್ರ ಸಂಗೀತ ನಿರ್ದೇಶಕ ಜೋಡಿ ವಿಶಾಲ್ ದದ್ಲಾನಿ ಮತ್ತು ಶೇಖರ್ ರವಜಿಯಾನಿ ತಮ್ಮ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಸಂಸ್ಥೆಯಿಂದ ಅದನ್ನು 2008ರಲ್ಲಿ ಹೊರತಂದರು. ವಿಶಾಲ್ ಸ್ವತಃ 'ಪೆಂಟಗ್ರಾಮ್' ಎಂಬ ರಾಕ್ ತಂಡದ ಗಾಯಕರಾಗಿದ್ದವರು. ಹಾಗಿದ್ದರೂ ಚಿತ್ರಗೀತೆಯ ಹಂಗು ಬೇಡವೆಂದು ಹೊರಟ ಧ್ವನಿಮುದ್ರಿಕೆಗೆ ಕೈಹಿಡಿದದ್ದು ಚಿತ್ರಗೀತೆಯ ಗಳಿಕೆಯೇ ಎಂಬುದು ಭಾರತೀಯ ಇಂಡಿ ಸಂಗೀತದ ಸ್ವರೂಪವನ್ನು ಬಿಚ್ಚಿ ತೋರುವ ಸಂಗತಿ. ಧ್ವನಿಮುದ್ರಿಕೆಯ ಬಹುಪಾಲು ಹಾಡುಗಳು ಹಿಂದಿಯವು, ಇಂಗ್ಲಿಷಿನದೂ ಇದೆ, ಕನ್ನಡದವು ಎರಡು, ಆ ಎರಡೂ ಶರೀಫರವು. ಕನ್ನಡಕ್ಕೆ ಬಂದಾಗ ತಂಡ ಹೊಸದಾಗಿ ಬರೆದ ಪ್ರೇಮಗೀತೆಯನ್ನೋ ನವ್ಯ ಕವಿತೆಯನ್ನೋ ಆರಿಸಿಕೊಳ್ಳದೆ ಹತ್ತೊಂಬತ್ತನೆಯ ಶತಮಾನದ ತತ್ವಪದಕ್ಕೆ ಮೊರೆಹೋದದ್ದು ವಿಚಾರಾರ್ಹ.

ಶಿಶುನಾಳ ಶರೀಫರು (1819-1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ, ಕೆಲಕಾಲ ಶಾಲಾಮಾಸ್ತರರಾಗಿ, ಕಳಸದ ಗೋವಿಂದಭಟ್ಟರಿಂದ ಉಪದೇಶ ಪಡೆದವರು. ಶಿಶುನಾಳದ ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಅವರ ಪದಗಳು ಬಹುಕಾಲ ಉಳಿದದ್ದು ಭಜನೆಯ ಮೇಳಗಳ ನಾಲಗೆಯ ಮೇಲೆ. ಮೇಳದವರು ಒಂದೇ ಪದವನ್ನು ಬೇರೆ ಬೇರೆ ಮಟ್ಟುಗಳಲ್ಲಿ ಹಾಡುವುದುಂಟು. ಪದ ಶರೀಫರದು, ಮಟ್ಟು ಮೇಳದ್ದು. ಪದದ ಕೊನೆಯಲ್ಲಿ ಬರುವ 'ಶಿಶುನಾಳಧೀಶ' ಎಂಬ ಅಂಕಿತವೇ ಕರ್ತೃತ್ವದ ಏಕೈಕ ದಾಖಲೆ. ಹಾಡುವವನು ಸಾಲು ಮರೆಯಬಹುದು, ಸೇರಿಸಬಹುದು, ಅಂಕಿತವನ್ನು ಮಾತ್ರ ಬಿಡಲಾರ.

1980ರ ದಶಕದಿಂದ ಕ್ಯಾಸೆಟ್ ಈ ವ್ಯವಸ್ಥೆಯನ್ನು ಬದಲಿಸಿತು. ಸಿ. ಅಶ್ವತ್ಥ್ ಸಂಯೋಜಿಸಿದ ಧಾಟಿಗಳೂ ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಗಾಯನವೂ 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಲನಚಿತ್ರವೂ ಶರೀಫರನ್ನು ನಾಡಿನ ಎಲ್ಲ ಮನೆಗಳಿಗೆ ಮುಟ್ಟಿಸಿದವು. ಅದರೊಡನೆ ಇನ್ನೊಂದು ಪರಿಣಾಮವೂ ಆಯಿತು: ಹಲವು ಮಟ್ಟುಗಳಿದ್ದ ಕಡೆ ಒಂದೇ ಮಟ್ಟು ನಿಂತಿತು. ಯಂತ್ರವು ಒಂದು ಪ್ರದರ್ಶನವನ್ನು ಮೂಲದ ಸ್ಥಾನಕ್ಕೇರಿಸಿತು. ಮುಂದೆ ರಾಕ್ ತಂಡ ಹೊಸ ಮಟ್ಟಿನಲ್ಲಿ ಹಾಡಿದಾಗ 'ಮೂಲ ಧಾಟಿ ಕೆಡಿಸಿದರು' ಎಂದು ಆಕ್ಷೇಪಿಸಿದರೆ ಆ ಮಾತಿನಲ್ಲಿರುವ ಮೂಲ ಶಿಶುನಾಳದ್ದಲ್ಲ, ಕ್ಯಾಸೆಟ್ಟಿನದು. ಮೌಖಿಕ ಪರಂಪರೆಯ ನಿಯಮದ ಪ್ರಕಾರ ನೋಡಿದರೆ ಹೊಸ ಮಟ್ಟು ಕಟ್ಟುವುದು ಅಪಚಾರವಲ್ಲ. ಅದು ಮೇಳ ಎಂದಿನಿಂದಲೂ ಮಾಡಿಕೊಂಡು ಬಂದ ಕೆಲಸ.

ಹಾಗಾದರೆ ನಿಜವಾಗಿ ಬದಲಾದದ್ದೇನು? ಆಯ್ದುಕೊಂಡ ಪದಗಳಿಂದಲೇ ಹೊರಡಬಹುದು. ಒಂದು, ಗುಡುಗುಡಿಯನ್ನು ಸೇದಿ ನೋಡೆಂದು ಕರೆಯುವ ಪದ. ಇನ್ನೊಂದು, ಸೋರುವ ಮಾಳಿಗೆಯ ಪದ. ಎರಡೂ ರೂಪಕದ ಪದಗಳು. ಮೊದಲನೆಯದರಲ್ಲಿ ಗುಡುಗುಡಿಯ ಸಲಕರಣೆಗಳು ಒಂದೊಂದಾಗಿ ಒಳಗಿನ ಸಂಗತಿಗಳಾಗುತ್ತವೆ: ಸಂಚಿ ಮನಸ್ಸಾಗುತ್ತದೆ, ಕೊಚ್ಚಬೇಕಾದ ಸೊಪ್ಪು ಮೋಹವಾಗುತ್ತದೆ, ಬೆಂಕಿ ಬುದ್ಧಿಯಾಗುತ್ತದೆ. ಹೊರಗಿನ ಚಟವನ್ನು ಒಳಗಿನ ಸಾಧನೆಗೆ ತಿರುಗಿಸುವ ಈ ಜಾಣ್ಮೆ ಪಬ್ಬಿನ ಶ್ರೋತೃವಿಗೆ ಕೂಡಲೇ ತಾಗುವಂಥದ್ದು. ಅಮಲಿನ ಸಾಮಗ್ರಿ ಎದುರಿಗೇ ಇರುವ ಜಾಗದಲ್ಲಿ ಈ ಪದಕ್ಕೆ ಶರೀಫರ ಕಾಲದಲ್ಲಿದ್ದಷ್ಟೇ ಮೊನಚಿದೆ.

ಎರಡನೆಯ ಪದದ ಸ್ಥಿತಿ ಭಿನ್ನ. ಮಾಳಿಗೆಯೆಂದರೆ ಧಾರವಾಡ ಸೀಮೆಯ ಮಣ್ಣಿನ ಮೇಲುಮುದ್ದೆಯ ಮನೆ. ತೊಲೆಯ ಮೇಲೆ ಜಂತಿ, ಅದರ ಮೇಲೆ ಹಾಸು, ಅದರ ಮೇಲೆ ಬಡಿದು ಕೂರಿಸಿದ ಮಣ್ಣು. ಮಳೆಗಾಲಕ್ಕೆ ಮೊದಲು ಯಾರಾದರೂ ಮೇಲೇರಿ ಮಣ್ಣನ್ನು ಸರಿಪಡಿಸದಿದ್ದರೆ ಮನೆ ಸೋರಿಯೇ ಸೋರುತ್ತದೆ. ಸೋರಿಕೆ ಇಲ್ಲಿ ಆಕಸ್ಮಿಕವಲ್ಲ, ಅಲಕ್ಷ್ಯದ ಫಲ. ಅಜ್ಞಾನವೆಂಬ ಮಾತು ಆ ಪದದಲ್ಲಿ ಸಲ್ಲುವುದು ಈ ವಾಸ್ತುಜ್ಞಾನದ ಬಲದಿಂದ. ಕಾಂಕ್ರೀಟ್ ತಾರಸಿಯ ಕೆಳಗೆ ಬೆಳೆದವನಿಗೆ ಸೋರಿಕೆ ಗುತ್ತಿಗೆದಾರನ ತಪ್ಪು, ತನ್ನದಲ್ಲ. ಹೀಗಾಗಿ ರಾಕ್ ವೇದಿಕೆಯಲ್ಲಿ ರೂಪಕದ ಭೌತಿಕ ನೆಲೆ ಕಳಚಿ, ಒಳಮನೆ ಕುಸಿಯುತ್ತಿರುವ ಅಳಲು ಮಾತ್ರ ಉಳಿಯುತ್ತದೆ. ನಷ್ಟ ನಿಜ, ಆದರೆ ಅದಕ್ಕೆ ತಂಡ ಕಾರಣವಲ್ಲ. ಶಿಗ್ಗಾಂವಿ ತಾಲ್ಲೂಕಿನಲ್ಲೇ ಮಾಳಿಗೆಗಳು ಕಡಿಮೆಯಾಗುತ್ತ ಬಂದಿವೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ 'ಮನಿ', 'ಮಾಳಿಗಿ' ಎಂಬ ಉತ್ತರದ ಉಚ್ಚಾರವನ್ನು ಮೈಸೂರಿನ ಗಾಯಕ ತಿದ್ದದೆ ಹಾಗೆಯೇ ಉಳಿಸಿಕೊಂಡಿರುವುದು. ಶಿಷ್ಟಗೊಳಿಸುವ ಚಾಳಿ ಬಲವಾಗಿರುವ ನಮ್ಮಲ್ಲಿ ಇದು ಸಣ್ಣ ಸಂಗತಿಯಲ್ಲ.

ಸಂಗೀತದ ರಚನೆಯಲ್ಲಿ ಆದ ಪಲ್ಲಟ ಇದಕ್ಕಿಂತ ಆಳವಾದುದು. ಏಕತಾರಿ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಪದದ ನುಡಿಗಳು ಎಷ್ಟೇ ಬಂದರೂ ಕೆಳಗಿನ ನೆಲ ಅಲುಗದು. ಶ್ರೋತೃವಿನ ಗಮನವೆಲ್ಲ ಮಾತಿನ ಮೇಲೆ. ಗಿಟಾರು ಹಾಗಲ್ಲ. ಅದರ ಸ್ವರಮೇಳಗಳು ಸಾಲಿನಿಂದ ಸಾಲಿಗೆ ಬದಲಾಗುತ್ತವೆ, ಅದರಿಂದ ಪ್ರತಿಯೊಂದು ಸಾಲಿಗೂ ಭಾವದ ಒಂದು ದಿಕ್ಕು ಒದಗುತ್ತದೆ: ಇಲ್ಲಿ ತವಕ, ಇಲ್ಲಿ ಬಿಡುಗಡೆ ಎಂದು ವಾದ್ಯವೇ ಹೇಳಿಬಿಡುತ್ತದೆ. ತತ್ವಪದದಲ್ಲಿ ಅರ್ಥ ಕೇಳುವವನು ಒಡೆದುಕೊಳ್ಳಬೇಕಾದ ಬೆಡಗು; ಸ್ವರಮೇಳ ಅದರ ಭಾವವನ್ನು ಮೊದಲೇ ಒಡೆದು ಕೊಡುತ್ತದೆ. ಪಲ್ಲವಿಯ ಪುನರಾವರ್ತನೆ ಎರಡು ಕಡೆಯೂ ಇದೆ. ಭಜನೆಯಲ್ಲಿ ಅದು ಹಿಮ್ಮೇಳದವರಿಗೆ ಬಿಟ್ಟ ಜಾಗ, ರಾಕ್ ಕಛೇರಿಯಲ್ಲಿ ಸಭಿಕರಿಗೆ ಬಿಟ್ಟ ಜಾಗ. ಕನ್ನಡ ಬಾರದ ಜನರಿಗೂ ಪಲ್ಲವಿಯನ್ನು ಹೇಳಿಕೊಟ್ಟು ಹಾಡಿಸುವುದು, ಕುಣಿಸುವುದು ಈ ತಂಡದ ರೂಢಿ.

ಅದಕ್ಕಿಂತಲೂ ಕುತೂಹಲಕರವಾದುದು ಹಾಡಿಗೆ ಮೊದಲು ಬರುವ ಮಾತು. ದೀಕ್ಷಿತ್ ವೇದಿಕೆಯ ಮೇಲೆ ಶರೀಫರ ಪದದ ತಾತ್ಪರ್ಯವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ವಿವರಿಸಿ ನಂತರ ಹಾಡುತ್ತಾರೆ. ಪಾಶ್ಚಾತ್ಯ ರಾಕ್‌ನಲ್ಲಿ ಹಾಡಿನ ಅರ್ಥ ಹೇಳುವುದು ಅಷ್ಟು ಮೆಚ್ಚುಗೆಯ ಕ್ರಮವಲ್ಲ. ಭಜನಾ ಮೇಳಗಳಲ್ಲಿ ಪದದ ನಡುವೆ ಹಾಡು ನಿಲ್ಲಿಸಿ ಅರ್ಥ ಹೇಳುವುದು ಮಾತ್ರ ಹಳೆಯ ಪದ್ಧತಿ. ಪದಕ್ಕೆ ಪದದಿಂದಲೇ ಉತ್ತರ ಕೊಡುವ ಸವಾಲು ಜವಾಬಿನಲ್ಲಿ ಅರ್ಥವೇ ಪ್ರಧಾನ. ತಂಡ ಇದನ್ನು ಪರಂಪರೆಯಿಂದ ಬೇಕೆಂದೇ ಪಡೆಯಿತೆಂದು ಹೇಳಲು ಆಧಾರವಿಲ್ಲ. ಭಾಷೆ ತಿಳಿಯದ ಸಭೆಯ ಅಗತ್ಯ ಹಳೆಯ ಪದ್ಧತಿಯನ್ನು ಬೇರೊಂದು ದಾರಿಯಿಂದ ಮರಳಿ ತಂದಿದೆ ಎನ್ನುವುದು ಹೆಚ್ಚು ಸರಿ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಎಂಬ ವೇಷದ ವಿಷಯದಲ್ಲಿ ಇಷ್ಟು ಉದಾರವಾಗಿ ಮಾತನಾಡಲಾಗದು. ಗೆಜ್ಜೆ ಭರತನಾಟ್ಯದ ಕಲಿಕೆಯಿಂದ ಬಂದಿರಬಹುದು; ಆದರೆ ಒಟ್ಟು ವೇಷ ಯಾವ ಜನಪದ ಕಲಾವಿದನದೂ ಅಲ್ಲ, ಅದು ವೇದಿಕೆಗಾಗಿ ಕಟ್ಟಿದ 'ದೇಸಿ'.

ಇದೇ 2008ರಲ್ಲಿ ದೀಕ್ಷಿತ್ ಸಂಗೀತ ನೀಡಿದ 'ಸೈಕೋ' ಚಲನಚಿತ್ರದ ಪ್ರೇಮಗೀತೆಯೊಂದು ಮಹದೇಶ್ವರನನ್ನು ಸಂಬೋಧಿಸುತ್ತ ಆರಂಭವಾಗಿ ಮನೆಮಾತಾಯಿತು. ಕಂಸಾಳೆಯವರ ಮಲೆಮಹದೇಶ್ವರನಿಗೂ ಆ ಗೀತೆಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಶರೀಫರ ಪದಗಳ ವಿಷಯದಲ್ಲಿ ನಡೆದದ್ದು ಪಠ್ಯದ ಮುಂದುವರಿಕೆಯಾದರೆ ಇಲ್ಲಿ ನಡೆದದ್ದು ಸಂಕೇತದ ಎರವಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಯಲ್ಲಿ ಗೊಂದಲಕ್ಕೆಡೆಮಾಡುತ್ತದೆ.

ಧ್ವನಿಮುದ್ರಿಕೆಯ ಖ್ಯಾತಿ ದೇಶದ ಹೊರಗೂ ಹಬ್ಬಿತು. 2010ರಲ್ಲಿ ತಂಡ ಬಿಬಿಸಿಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆಯಿತು. ಅಲ್ಲಿ ಅದಕ್ಕೆ ದೊರೆತ ಹೆಸರು 'ವಿಶ್ವ ಸಂಗೀತ'. ಬೆಂಗಳೂರಿನಲ್ಲಿ ರಾಕ್ ಎನಿಸಿಕೊಂಡದ್ದು ಲಂಡನ್ನಿನಲ್ಲಿ ಜಾನಪದವಾಯಿತು. 2013ರಲ್ಲಿ ಬಂದ ಎರಡನೆಯ ಧ್ವನಿಮುದ್ರಿಕೆ 'ಜಗ್ ಚಂಗಾ'ದಲ್ಲಿಯೂ ಶರೀಫರ ಪದ ಸೇರಿತು.

ಇಲ್ಲಿ ಹಕ್ಕಿನ ಪ್ರಶ್ನೆ ಏಳುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮ ಸಾಹಿತ್ಯ ಕೃತಿಗೆ ಕರ್ತೃವಿನ ಮರಣಾನಂತರ ನಿಗದಿತ ಕಾಲದವರೆಗೆ ರಕ್ಷಣೆ ನೀಡುತ್ತದೆ. ಈಗ ಆ ಅವಧಿ 60 ವರ್ಷ. 1889ರಲ್ಲಿ ಗತಿಸಿದ ಶರೀಫರ ಮಾತು ಆದ್ದರಿಂದ ಎಲ್ಲರ ಸೊತ್ತು. ಆದರೆ ಆ ಮಾತಿಗೆ ಕಟ್ಟಿದ ಹೊಸ ಧಾಟಿಯೂ ಅದರ ಧ್ವನಿಮುದ್ರಣವೂ ಕಾನೂನಿನ ಪ್ರಕಾರ ಖಾಸಗಿ ಸ್ವತ್ತು. ಮೇಳದವರು ತಲೆಮಾರುಗಳಿಂದ ಕಟ್ಟಿದ ಮಟ್ಟುಗಳಿಗೆ ಕರ್ತೃವಿನ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ರಕ್ಷಣೆಯಿಲ್ಲ. ಪದವನ್ನು ನೂರಕ್ಕೂ ಹೆಚ್ಚು ವರ್ಷ ಬಾಯಲ್ಲಿಟ್ಟು ಕಾಪಾಡಿದವರಿಗೆ ಆ ಪದದ ಹೊಸ ಗಳಿಕೆಯಲ್ಲಿ ಯಾವ ಪಾಲೂ ಸಲ್ಲದು. ತಂಡ ಕಾನೂನನ್ನು ಮೀರಿಲ್ಲ, ಸಿ. ಅಶ್ವತ್ಥರ ಕಾಲದಲ್ಲಿಯೂ ಇದೇ ಸ್ಥಿತಿಯಿತ್ತು. ದೋಷವಿರುವುದು ಅಂಕಿತವನ್ನು ಗುರುತಿಸಬಲ್ಲ, ಆದರೆ ಮಟ್ಟನ್ನು ಗುರುತಿಸಲಾರದ ಕಾನೂನಿನ ಕಣ್ಣಿನಲ್ಲಿ.

ಗ್ರಂಥಾಲಯಗಳ ಮಟ್ಟಿಗೆ ಹೇಳುವುದಾದರೆ ಸ್ಥಿತಿ ಇನ್ನೂ ಇಕ್ಕಟ್ಟಿನದು. 1954ರ ಪುಸ್ತಕ ಒಪ್ಪಿಸುವಿಕೆ ಅಧಿನಿಯಮದ ಪ್ರಕಾರ ಪ್ರಕಾಶಕರು ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕಾದುದು ಪುಸ್ತಕ ಮತ್ತು ನಿಯತಕಾಲಿಕಗಳನ್ನು. ಧ್ವನಿಮುದ್ರಿಕೆಗಳಿಗೆ ಆ ಕಟ್ಟಳೆಯಿಲ್ಲ. ಅಶ್ವತ್ಥರ ಕ್ಯಾಸೆಟ್ಟುಗಳ ಸುರುಳಿಗಳು ಬೂಷ್ಟು ಹಿಡಿಯುತ್ತಿವೆ. 2008ರ ಅಡಕಮುದ್ರಿಕೆಯ ಹೊದಿಕೆಯ ಮೇಲೆ ಪದ ಯಾರದು, ಧಾಟಿ ಯಾರದು, ಪಿಟೀಲು ಯಾರದು ಎಂಬುದು ಅಚ್ಚಾಗಿರುತ್ತದೆ. ಅದೇ ಹಾಡು ದೂರವಾಣಿಯ ತೆರೆಯ ಮೇಲೆ ಬಂದಾಗ ಆ ಹೊದಿಕೆ ಜೊತೆಗೆ ಬರುವುದಿಲ್ಲ. ಶರೀಫರ ಪದಗಳ ಸೂಚಿಯನ್ನು ಇನ್ನು ಮುಂದೆ ಸಿದ್ಧಪಡಿಸುವವರು ಪ್ರತಿ ಪದದ ಎದುರಿಗೆ ಮುದ್ರಿತ ಪಾಠಾಂತರಗಳ ಜೊತೆಗೆ ಭಜನಾ ಮೇಳದ ಮಟ್ಟು, ಕ್ಯಾಸೆಟ್ಟಿನ ಧಾಟಿ, ರಾಕ್ ತಂಡದ ಧಾಟಿ ಎಂಬ ಮೂರು ಅಂಕಣಗಳನ್ನೂ, ಯಾವುದರಲ್ಲಿ ಎಷ್ಟು ನುಡಿ ಉಳಿದಿವೆ, ಅಂಕಿತ ಇದೆಯೇ ಎಂಬ ನಮೂದನ್ನೂ ಇರಿಸಬೇಕಾಗುತ್ತದೆ. ಮೊದಲ ಅಂಕಣವನ್ನು ತುಂಬಲು ಶಿಗ್ಗಾಂವಿ, ಕುಂದಗೋಳ ತಾಲ್ಲೂಕುಗಳ ಮೇಳಗಳ ಹಿರಿಯರ ಬಳಿಗೆ ಹೋಗಬೇಕು. ಮೂರನೆಯದಕ್ಕೆ ಬೆಂಗಳೂರಿನಲ್ಲೇ ಕೆಲಸವಿದೆ.